ಹಳೆಯ ಹೆವಿ ಟ್ರೇಲರ್: ಬಿಚ್ಚಿ, ಸರಿಪಡಿಸಿ, ಮತ್ತೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಹಳೆಯ ಟ್ರೇಲರ್ ನೋಡಲು ಹೋದವರು ಮೊದಲು ಟೈರ್ ನೋಡುತ್ತಾರೆ, ಆಮೇಲೆ ಹಲಗೆ ನೋಡುತ್ತಾರೆ. ಎರಡೂ ಹೇಗೂ ಬದಲಾಗುವ ವಸ್ತುಗಳೇ. ನಿಜವಾಗಿ ನೋಡಬೇಕಾದದ್ದು ಭಾರ ಹರಿಯುವ ದಾರಿಯನ್ನು. ಸರಕಿನ ಭಾರ ಹಲಗೆಯಿಂದ ಅಡ್ಡ ಬೀಮ್‌ಗಳಿಗೆ ಇಳಿಯುತ್ತದೆ. ಅಲ್ಲಿಂದ ಎರಡು ಉದ್ದನೆಯ ಮೇನ್ ಬೀಮ್‌ಗಳಿಗೆ. ಒಂದು ಪಾಲು ಮುಂದಿನ ಕಪ್ಲರ್ ಪ್ಲೇಟಿನ ಮೂಲಕ ಟ್ರಕ್ಕಿನ ಮೇಲೆ ಕೂರುತ್ತದೆ. ಉಳಿದದ್ದು ಹ್ಯಾಂಗರ್ (ಸ್ಪ್ರಿಂಗನ್ನು ಬೀಮ್‌ಗೆ ಹಿಡಿದಿಡುವ ಬ್ರಾಕೆಟ್), ಸ್ಪ್ರಿಂಗ್, ಎಕ್ಸೆಲ್, ಚಕ್ರಗಳ ಮೂಲಕ ರಸ್ತೆಗೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿ ಏನು ಕೆಟ್ಟಿದೆ, ಅದಕ್ಕಿಂತ ಮುಖ್ಯವಾಗಿ ಯಾಕೆ ಕೆಟ್ಟಿದೆ, ಇದು ಗೊತ್ತಾಗದೆ ವೆಲ್ಡಿಂಗ್ ಮಷೀನ್ ಆನ್ ಮಾಡಬೇಡಿ. ಬಿರುಕಿಗೆ ಬೆಸುಗೆ ಹಾಕುವುದು ಅರ್ಧ ದಿನದ ಕೆಲಸ. ಕಾರಣ ಹಾಗೇ ಉಳಿದರೆ ಅದೇ ಬಿರುಕು ಬೆಸುಗೆಯ ಪಕ್ಕದಲ್ಲಿ ಮತ್ತೆ ಬಾಯಿ ಬಿಡುತ್ತದೆ.

ಇಲ್ಲಿ ಹೇಳುವುದೆಲ್ಲ ಉಕ್ಕಿನ ಚಾಸಿ, ಲೀಫ್ ಸ್ಪ್ರಿಂಗ್, ಏರ್ ಡ್ರಮ್ ಬ್ರೇಕ್ ಇರುವ ಫ್ಲಾಟ್‌ಬೆಡ್ ಸೆಮಿ-ಟ್ರೇಲರ್ ಬಗ್ಗೆ. ಟ್ಯಾಂಕರ್ ಬೇರೆಯೇ ಲೋಕ. ಖಾಲಿ ಟ್ಯಾಂಕಿನೊಳಗೆ ಉಳಿದ ಆವಿ ಒಂದು ಕಿಡಿಗೆ ಸ್ಫೋಟಿಸಬಹುದು. ಅದನ್ನು ಅದರ ತರಬೇತಿ ಇರುವವರಿಗೇ ಬಿಡಿ.

ಕೊಳ್ಳುವ ಮೊದಲು, ಬಿಚ್ಚುವ ಮೊದಲು

ಒಂದು ಟಾರ್ಚು, ಚಿಕ್ಕ ಸುತ್ತಿಗೆ, ವೈರ್ ಬ್ರಷ್, ಉದ್ದದ ನೈಲಾನ್ ದಾರ, ಅಳತೆ ಟೇಪು ಸಾಕು. ಟ್ರೇಲರ್ ಅಡಿಗೆ ಹೋಗಿ ಈ ಜಾಗಗಳನ್ನು ನಿಧಾನವಾಗಿ ನೋಡಿ: ಕಪ್ಲರ್ ಪ್ಲೇಟಿನ ಸುತ್ತ, ಮುಂದಿನ ತೆಳು ಭಾಗ ಹಿಂದಿನ ಆಳವಾದ ಬೀಮ್‌ಗೆ ಸೇರುವ ತಿರುವು, ಲ್ಯಾಂಡಿಂಗ್ ಲೆಗ್ (ಟ್ರಕ್ ಇಲ್ಲದಾಗ ಮುಂಭಾಗವನ್ನು ಹೊರುವ ಕಾಲು) ಕೂರಿಸಿದ ಜಾಗ, ಪ್ರತಿ ಸ್ಪ್ರಿಂಗ್ ಹ್ಯಾಂಗರ್‌ನ ಮೇಲ್ಭಾಗ, ಅಡ್ಡ ಬೀಮ್‌ಗಳು ಮೇನ್ ಬೀಮ್ ದಾಟುವ ತೂತುಗಳು. ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಕಂದು ಗೆರೆ ಕಂಡರೆ ಅದರ ಕೆಳಗೆ ಬಹುಪಾಲು ಬಿರುಕಿರುತ್ತದೆ. ಬಿರುಕಿನೊಳಗೆ ನೀರು ಹೋಗಿ ತುಕ್ಕು ಹೊರಗೆ ಸೋರುವುದರಿಂದ ಹಾಗೆ ಕಾಣುತ್ತದೆ. ಹೊಸದಾಗಿ ದಪ್ಪ ಬಣ್ಣ ಬಳಿದ ಹಳೆಯ ಟ್ರೇಲರ್ ಸಿಕ್ಕರೆ ಇನ್ನೂ ಜಾಸ್ತಿ ಅನುಮಾನ ಪಡಿ.

ಸುತ್ತಿಗೆಯಿಂದ ಫ್ಲೇಂಜನ್ನು, ಅಂದರೆ ಬೀಮ್‌ನ ಮೇಲಿನ ಮತ್ತು ಕೆಳಗಿನ ಮಲಗಿದ ಪಟ್ಟಿಗಳನ್ನು, ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಟಣ್ ಅನ್ನುತ್ತದೆ. ತುಕ್ಕು ಪದರ ಬಿಟ್ಟ ಕಡೆ ಶಬ್ದ ಮಂಕಾಗುತ್ತದೆ. ಎರಡು ಪ್ಲೇಟುಗಳ ನಡುವೆ ತುಕ್ಕು ಉಬ್ಬಿ ಅವನ್ನೇ ದೂರ ತಳ್ಳಿದ್ದರೆ ಅಲ್ಲಿ ಒಳಗೆ ಎಷ್ಟು ಲೋಹ ಉಳಿದಿದೆ ಅಂತ ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ. ಅಲ್ಟ್ರಾಸಾನಿಕ್ ದಪ್ಪ ಅಳೆಯುವ ಉಪಕರಣ ಸಿಕ್ಕರೆ ಕೆಳಗಿನ ಫ್ಲೇಂಜನ್ನು ಹಲವು ಕಡೆ ಅಳೆಯಿರಿ. ಮೂಲ ದಪ್ಪದ ಹತ್ತರಲ್ಲೊಂದು ಪಾಲಿಗಿಂತ ಜಾಸ್ತಿ ಸವೆದ ಫ್ಲೇಂಜನ್ನು ನಾನಂತೂ ನಂಬುವುದಿಲ್ಲ.

ಆಮೇಲೆ ದಾರ. ಬೀಮ್‌ನ ಮುಂದಿನಿಂದ ಹಿಂದಿನವರೆಗೆ ಎಳೆದು ಕಟ್ಟಿ. ಫ್ಲಾಟ್‌ಬೆಡ್‌ನ ಮೇನ್ ಬೀಮ್‌ಗಳನ್ನು ಸಾಮಾನ್ಯವಾಗಿ ನಡುವೆ ಸ್ವಲ್ಪ ಮೇಲಕ್ಕೆ ಬಾಗಿಸಿಯೇ ಕಟ್ಟಿರುತ್ತಾರೆ, ಲೋಡ್ ಬಿದ್ದಾಗ ನೇರವಾಗಲಿ ಅಂತ. ಖಾಲಿ ಟ್ರೇಲರಿನ ನಡು ಕೆಳಗೆ ಜೋತಿದ್ದರೆ ಬೀಮ್ ತನ್ನ ಮಿತಿ ದಾಟಿ ಬಾಗಿದೆ ಎಂದರ್ಥ. ಎರಡೂ ಬೀಮ್ ಅಳೆಯಿರಿ. ಒಂದೇ ಬಾಗಿದ್ದರೆ ಚಾಸಿ ತಿರುಚಿಕೊಂಡಿದೆ.

ಕಾಗದದ ಕೆಲಸ ಈಗಲೇ ಮುಗಿಸಿ. ಚಾಸಿ ನಂಬರ್ ಸ್ಪಷ್ಟವಾಗಿ ಓದಲು ಬರುತ್ತದೆಯಾ, ದಾಖಲೆಗೆ ಹೊಂದುತ್ತದೆಯಾ ನೋಡಿ. ಆ ಜಾಗವನ್ನು ಗ್ರೈಂಡರ್‌ನಿಂದಲೂ ಬಣ್ಣದಿಂದಲೂ ದೂರ ಇಡಿ. ಎಕ್ಸೆಲ್ ಸಂಖ್ಯೆ, ಉದ್ದ, ಭಾರದ ಮಿತಿ ಬದಲಾಗುವ ಕೆಲಸಕ್ಕೆ ಸಾಮಾನ್ಯವಾಗಿ ಸಾರಿಗೆ ಇಲಾಖೆಯ ಒಪ್ಪಿಗೆ ಬೇಕು. ಕೆಲಸ ಮುಗಿದ ಮೇಲೆ ಕೇಳಿದರೆ ತಡವಾಗುತ್ತದೆ.

ಎರಡೂ ಬೀಮ್‌ಗಳ ಕೆಳ ಫ್ಲೇಂಜ್ ಹಲವು ಕಡೆ ತಿಂದುಹೋಗಿದ್ದರೆ, ಅಥವಾ ಹಳೆಯ ಬೆಸುಗೆಗಳ ಮೇಲೆ ಬೆಸುಗೆ, ಪಟ್ಟಿಯ ಮೇಲೆ ಪಟ್ಟಿ ಕಂಡರೆ ಬಿಟ್ಟುಬಿಡಿ. ಅದರ ಎಕ್ಸೆಲ್, ಲೆಗ್, ರಿಮ್‌ಗಳನ್ನು ಬೇರೆ ಟ್ರೇಲರಿಗೆ ಬಳಸಿಕೊಳ್ಳಬಹುದು.

ನಿಲ್ಲಿಸುವುದು

ಗಟ್ಟಿ ಕಾಂಕ್ರೀಟ್ ನೆಲ ಬೇಕು. ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ. ಜಾಕಿಯಿಂದ ಎತ್ತಿ, ಆದರೆ ಜಾಕಿಯ ಮೇಲೆ ಬಿಟ್ಟು ಕೆಳಗೆ ಹೋಗಬೇಡಿ. ಭಾರಕ್ಕೆ ತಕ್ಕ ಸ್ಟ್ಯಾಂಡ್‌ಗಳನ್ನು ಬೀಮ್ ಕೆಳಗೆ ಇಡಿ. ಲ್ಯಾಂಡಿಂಗ್ ಲೆಗ್‌ಗಳನ್ನು ನಂಬಬೇಡಿ, ಅವೂ ರಿಪೇರಿಗೆ ಬಂದವೇ ಅಲ್ವಾ.

ಈಗ ಇಡೀ ಕೆಲಸದಲ್ಲಿ ಅತಿ ಅಪಾಯಕಾರಿ ವಸ್ತು: ಸ್ಪ್ರಿಂಗ್ ಬ್ರೇಕ್ ಚೇಂಬರ್. ಗಾಳಿ ಇಲ್ಲದಿದ್ದಾಗ ಬ್ರೇಕ್ ಹಿಡಿಯುವುದು ಇದರ ಹಿಂದಿನ ಭಾಗದಲ್ಲಿ ಒತ್ತಿ ಕೂರಿಸಿದ ದೊಡ್ಡ ಸ್ಪ್ರಿಂಗ್. ಅದರಲ್ಲಿ ನೂರಾರು ಕಿಲೋ ಬಲ ಅಡಗಿದೆ. ಕ್ಲಾಂಪ್ ಬಿಚ್ಚಿದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ. ಜನ ಸತ್ತಿದ್ದಾರೆ. ಆದ್ದರಿಂದ ಎಕ್ಸೆಲ್ ಕೆಲಸಕ್ಕೆ ಮೊದಲು ಪ್ರತಿ ಚೇಂಬರನ್ನೂ ಕಟ್ಟಿಹಾಕಿ. ಚೇಂಬರಿನ ಪಕ್ಕದ ಗೂಡಿನಲ್ಲೇ ಸಾಮಾನ್ಯವಾಗಿ ಒಂದು ಉದ್ದ ಬೋಲ್ಟ್ ಇರುತ್ತದೆ. ಹಿಂದಿನ ರಬ್ಬರ್ ಮುಚ್ಚಳ ತೆಗೆದು, ಆ ಬೋಲ್ಟನ್ನು ನಡುವಿನ ತೂತಿಗೆ ಹಾಕಿ, ಕಾಲು ಸುತ್ತು ತಿರುಗಿಸಿ ಸಿಕ್ಕಿಸಿ, ನಟ್ ಬಿಗಿಯುತ್ತಾ ಸ್ಪ್ರಿಂಗನ್ನು ಹಿಂದಕ್ಕೆ ಎಳೆಯಿರಿ. ಚೇಂಬರ್ ತುಕ್ಕು ಹಿಡಿದಿದ್ದರೆ ಅಥವಾ ಬೋಲ್ಟ್ ಸಿಕ್ಕಿಕೊಳ್ಳದಿದ್ದರೆ ಹಠ ಮಾಡಬೇಡಿ. ಹಾಗೇ ಬಿಟ್ಟು ಅನುಭವಿಗಳನ್ನು ಕರೆಯಿರಿ. ಹಳೆಯ ಚೇಂಬರನ್ನು ಗುಜರಿಗೆ ಹಾಕುವಾಗಲೂ ಸ್ಪ್ರಿಂಗ್ ನಿರಪಾಯ ಆಗಿರಬೇಕು.

ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಏರ್ ಪೈಪು ಎಲ್ಲಿಂದ ಎಲ್ಲಿಗೆ, ವಾಲ್ವಿನ ಯಾವ ತೂತಿಗೆ ಯಾವುದು, ಟಾರ್ಕ್ ರಾಡಿನಲ್ಲಿ (ಎಕ್ಸೆಲನ್ನು ಅದರ ಜಾಗದಲ್ಲಿ ಹಿಡಿದಿಡುವ ಸರಳು) ಎಷ್ಟು ಶಿಮ್ (ಹೊಂದಿಸಲು ಇಡುವ ತೆಳು ತಗಡು), ಎಲ್ಲದಕ್ಕೂ ಟ್ಯಾಗ್ ಕಟ್ಟಿ. ಜೋಡಿಸುವಾಗ ನೆನಪು ಕೈ ಕೊಡುತ್ತದೆ.

ತುಕ್ಕು ತೆಗೆಯುವುದು

ಹಲಗೆ, ಎಕ್ಸೆಲ್, ವೈರು, ಪೈಪು ಎಲ್ಲ ಹೊರಬಂದ ಮೇಲೆ ಬರೀ ಚಾಸಿ ಉಳಿಯುತ್ತದೆ. ಮೊದಲು ಗ್ರೀಸ್, ಮಣ್ಣು, ಉಪ್ಪು ಹೋಗುವಂತೆ ಒತ್ತಡದ ನೀರಿನಿಂದ ತೊಳೆಯಿರಿ. ತೊಳೆಯದೆ ಬ್ಲಾಸ್ಟ್ ಮಾಡಿದರೆ (ಗಾಳಿಯ ಒತ್ತಡದಲ್ಲಿ ಗಟ್ಟಿ ಕಣ ಹೊಡೆದು ತುಕ್ಕು ತೆಗೆಯುವುದು) ಗ್ರೀಸ್ ಉಕ್ಕಿನೊಳಗೇ ಬಡಿದು ಕೂರುತ್ತದೆ.

ಗ್ರಿಟ್ ಬ್ಲಾಸ್ಟಿಂಗ್ ಮಾಡಿಸಲು ಸಾಧ್ಯವಿದ್ದರೆ ಮಾಡಿಸಿ. ಎಸ್‌ಎ 2½ ಮಟ್ಟಕ್ಕೆ (ತುಕ್ಕು, ಹಳೆಯ ಬಣ್ಣ ಬಹುತೇಕ ಪೂರ್ತಿ ಹೋಗುವ ಮಟ್ಟ) ಬೇಕು ಅಂತ ಹೇಳಿ. ಬಣ್ಣದ ಕೆಲಸದವರಿಗೆ ಈ ಅಳತೆ ಗೊತ್ತಿರುತ್ತದೆ. ಬ್ಲಾಸ್ಟ್ ಆದ ಬೂದು ಉಕ್ಕಿನ ಮೇಲೆ ಬಿರುಕುಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ವೈರ್ ಬ್ರಷ್‌ನಲ್ಲಿ ಉಜ್ಜಿದರೆ ಮೇಲ್ಮೈ ಹೊಳೆಯುತ್ತದೆ, ಆದರೆ ಕುಳಿಗಳ ಒಳಗಿನ ತುಕ್ಕು ಹಾಗೇ ಇರುತ್ತದೆ. ಮರಳಿನ ಬ್ಲಾಸ್ಟಿಂಗ್ ಬೇಡ. ಅದರ ಸಿಲಿಕಾ ಧೂಳು ಶ್ವಾಸಕೋಶವನ್ನು ಶಾಶ್ವತವಾಗಿ ಹಾಳು ಮಾಡುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಗ್ರೈಂಡ್ ಮಾಡುವಾಗ ಸರಿಯಾದ ಮಾಸ್ಕ್ ಇರಲಿ, ಬರೀ ಕರ್ಚೀಫ್ ಅಲ್ಲ.

ಚಾಸಿ: ಇಲ್ಲಿ ಅವಸರ ಬೇಡ

ಅನುಮಾನ ಇದ್ದ ಜಾಗಕ್ಕೆಲ್ಲ ಡೈ ಪೆನೆಟ್ರೆಂಟ್ ಹಾಕಿ. ಮೂರು ಡಬ್ಬಿಗಳ ಸೆಟ್ ಬರುತ್ತದೆ: ಕ್ಲೀನರ್, ಕೆಂಪು ದ್ರವ, ಬಿಳಿ ಡೆವಲಪರ್. ಶುದ್ಧ ಮಾಡಿ, ಕೆಂಪು ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ, ಬಿಳಿ ಹಾಕಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಅದರ ಎರಡೂ ತುದಿ ಎಲ್ಲಿ ಮುಗಿಯುತ್ತವೆ ಅಂತ ಪಂಚ್ ಹೊಡೆದು ಗುರುತು ಮಾಡಿ.

ಈಗ ಕಾರಣ ಹುಡುಕಿ. ಕಪ್ಲರ್ ಪ್ಲೇಟಿನ ಕೆಳಗೆ ನಿಂತು ಟ್ರಕ್ಕಿನ ಲಾಕ್‌ಗೆ ಸಿಕ್ಕುವ ಪಿನ್ನೇ ಕಿಂಗ್‌ಪಿನ್. ಕಿಂಗ್‌ಪಿನ್ ಮತ್ತು ಎಕ್ಸೆಲ್‌ಗಳ ನಡುವೆ ಬೀಮ್‌ನ ಕೆಳ ಫ್ಲೇಂಜ್ ಎಳೆತದಲ್ಲಿರುತ್ತದೆ, ಮೇಲಿನದು ಒತ್ತಡದಲ್ಲಿ. ಬಿರುಕು ಹುಟ್ಟುವುದು ಎಳೆತದ ಕಡೆ. ಅಲ್ಲಿ ಯಾರೋ ಪೈಪಿಗೆ ಕ್ಲಿಪ್ ಹಾಕಲು ತೂತು ಕೊರೆದಿದ್ದರೆ ಅಥವಾ ಅಡ್ಡಡ್ಡ ಒಂದು ಬೆಸುಗೆ ಎಳೆದಿದ್ದರೆ ಬಿರುಕು ಅಲ್ಲಿಂದಲೇ ಶುರು. ತಿರುವಿನ ಜಾಗದಲ್ಲಿ ಬಂದ ಬಿರುಕಿಗೆ ಸಾಮಾನ್ಯ ಕಾರಣ ಓವರ್‌ಲೋಡ್, ಅಥವಾ ಪೂರ್ತಿ ಭಾರವನ್ನು ಒಂದೇ ಕಡೆ ಹೇರಿದ್ದು.

ಹ್ಯಾಂಗರ್ ಬಳಿಯ ಬಿರುಕು ಬೇರೆ ಕಥೆ ಹೇಳುತ್ತದೆ. ಎರಡು ಮೂರು ಎಕ್ಸೆಲ್ ಇರುವ ಟ್ರೇಲರ್ ಬಿಗಿಯಾಗಿ ತಿರುಗಿದಾಗ ಎಲ್ಲ ಚಕ್ರಗಳೂ ಒಂದೇ ವೃತ್ತದಲ್ಲಿ ಉರುಳಲು ಆಗುವುದಿಲ್ಲ. ಟೈರುಗಳು ಪಕ್ಕಕ್ಕೆ ಉಜ್ಜುತ್ತವೆ. ಆ ತಳ್ಳು ಹ್ಯಾಂಗರನ್ನು ಒಳಕ್ಕೆ ಹೊರಕ್ಕೆ ಬಾಗಿಸುತ್ತದೆ. ಎಡ ಬಲ ಹ್ಯಾಂಗರ್‌ಗಳನ್ನು ಜೋಡಿಸುವ ಅಡ್ಡ ಬ್ರೇಸ್ ಮುರಿದಿದ್ದರೆ, ಅಥವಾ ತೆಗೆದುಹಾಕಿದ್ದರೆ, ಪೂರ್ತಿ ಭಾರ ಹ್ಯಾಂಗರ್ ಬೆಸುಗೆಯ ಮೇಲೆ ಬೀಳುತ್ತದೆ. ಅಲ್ಲಿ ಬೆಸುಗೆ ದಪ್ಪ ಮಾಡಿ ಏನೂ ಉಪಯೋಗವಿಲ್ಲ. ಬ್ರೇಸ್ ವಾಪಸ್ ಹಾಕಿ.

ಬೆಸುಗೆ ಶುರು ಮಾಡುವ ಮುಂಚೆ ಬೀಮ್‌ನ ಮೇಲಿನ ಒತ್ತಡ ತೆಗೆಯಿರಿ. ಸ್ಟ್ಯಾಂಡ್‌ಗಳನ್ನು ಹೊಂದಿಸಿ, ಬೇಕಿದ್ದರೆ ಬಿರುಕಿನ ಹತ್ತಿರ ಜಾಕಿ ಕೊಟ್ಟು, ಬೀಮ್ ತನ್ನ ಮೂಲ ಬಾಗಿಗೆ ಬರುವಂತೆ ಎತ್ತಿ. ಬಿರುಕು ಬಾಯಿ ಮುಚ್ಚುವುದು ಕಾಣುತ್ತದೆ. ಜೋತ ಸ್ಥಿತಿಯಲ್ಲೇ ಬೆಸೆದರೆ ಜೋತದ್ದೇ ಶಾಶ್ವತ.

ಇನ್ನೂ ಎರಡು ಎಚ್ಚರಿಕೆ. ಎಬಿಎಸ್ ಇದ್ದರೆ ಅದರ ಕಂಟ್ರೋಲ್ ಯೂನಿಟ್‌ನ ಕನೆಕ್ಟರ್ ಬಿಡಿಸಿ. ಎಕ್ಸೆಲ್ ಇನ್ನೂ ಬಿಚ್ಚದೆ ಬೆಸೆಯುವುದಾದರೆ ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಿ. ದೂರ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದರ ರೋಲರ್‌ಗಳ ಮೇಲೆ ಸಣ್ಣ ಗುಳಿ ಸುಡುತ್ತದೆ.

ಬಿರುಕಿನ ಬೆಸುಗೆಯ ಕ್ರಮ ಹೀಗೆ:

1. ಬಿರುಕಿನ ಕಣ್ಣಿಗೆ ಕಾಣುವ ತುದಿ ದಾಟಿ ಸ್ವಲ್ಪ ಮುಂದೆ ಎರಡೂ ಕಡೆ ಸಣ್ಣ ತೂತು ಕೊರೆಯಿರಿ. ಬಿರುಕಿನ ಚೂಪು ತುದಿ ತೂತಿನೊಳಗೆ ಮುಗಿಯಬೇಕು, ಆಗ ಅದು ಮುಂದೆ ಓಡುವುದಿಲ್ಲ.
2. ಗ್ರೈಂಡರ್ ಅಥವಾ ಗೌಜಿಂಗ್‌ನಿಂದ (ಲೋಹ ಕರಗಿಸಿ ಕೆತ್ತುವುದು) ಬಿರುಕನ್ನು ಪೂರ್ತಿ ಕೆತ್ತಿ ವಿ ಆಕಾರ ಮಾಡಿ. ಮತ್ತೆ ಪೆನೆಟ್ರೆಂಟ್ ಹಾಕಿ. ಕೆಂಪು ಗೆರೆ ಉಳಿದಿದ್ದರೆ ಇನ್ನೂ ಕೆತ್ತಿ.
3. ತೇವ ಆರಿಸಿ. ದಪ್ಪ ಪ್ಲೇಟು ಅಥವಾ ಹೈ ಟೆನ್ಸಿಲ್ (ಹೆಚ್ಚು ಬಲದ) ಉಕ್ಕಾದರೆ ಮೊದಲೇ ಬಿಸಿ ಮಾಡಬೇಕು. ಎಷ್ಟು ಅನ್ನುವುದು ಉಕ್ಕಿನ ದರ್ಜೆಯ ಮೇಲೆ. ತಯಾರಕರ ಮಾಹಿತಿ ನೋಡಿ.
4. ಇ7018ನಂಥ ಲೋ ಹೈಡ್ರೋಜನ್ ರಾಡ್ ಬಳಸಿ. ಡಬ್ಬಿ ತೆರೆದ ಮೇಲೆ ರಾಡ್‌ಗಳು ಬಿಸಿ ಓವನ್‌ನಲ್ಲಿ, 120 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗದಂತೆ ಇರಬೇಕು. ಸಾಮಾನ್ಯ ಇ7018 ಹೊರಗೆ ಗಾಳಿಗೆ ಇರಬಹುದಾದ ಮಿತಿ 4 ಗಂಟೆ. ತೇವ ಕುಡಿದ ರಾಡ್ ಬೆಸುಗೆಯೊಳಗೆ ಹೈಡ್ರೋಜನ್ ಬಿಡುತ್ತದೆ, ಬೆಸುಗೆ ತಣ್ಣಗಾದ ಎಷ್ಟೋ ಹೊತ್ತಿನ ಮೇಲೆ ಬಿರುಕು ಬರುತ್ತದೆ. ಗೇಟು ಕಿಟಕಿಗೆ ಬಳಸುವ ಇ6013 ಇಲ್ಲಿ ಬೇಡ.
5. ಬೇರಿನಿಂದ ಮೇಲಿನವರೆಗೆ ಪದರ ಪದರವಾಗಿ ತುಂಬಿ. ಪ್ರತಿ ಪದರದ ಸ್ಲಾಗ್ (ಬೆಸುಗೆಯ ಮೇಲೆ ಕೂರುವ ಕಿಟ್ಟ) ಪೂರ್ತಿ ತೆಗೆಯಿರಿ. ಫ್ಲೇಂಜಿನ ಅಂಚಿನಲ್ಲಿ ಬೆಸುಗೆ ಶುರುವಾಗಿ ಅಲ್ಲೇ ಮುಗಿಯಬಾರದು. ಹೊರಗೆ ಚಿಕ್ಕ ತುಂಡು ಪ್ಲೇಟ್ ಕೂರಿಸಿ, ಬೆಸುಗೆಯನ್ನು ಅದರ ಮೇಲೆ ಮುಗಿಸಿ, ಆಮೇಲೆ ಕತ್ತರಿಸಿ.
6. ಬೆಸುಗೆಯನ್ನು ಪ್ಲೇಟಿನ ಮಟ್ಟಕ್ಕೆ ಗ್ರೈಂಡ್ ಮಾಡಿ. ಗ್ರೈಂಡಿಂಗ್ ಗೀರುಗಳು ಬೀಮ್‌ನ ಉದ್ದಕ್ಕೆ ಇರಲಿ, ಅಡ್ಡಕ್ಕಲ್ಲ.
7. ಒಂದು ರಾತ್ರಿ ಬಿಟ್ಟು ಮತ್ತೆ ಪೆನೆಟ್ರೆಂಟ್ ಪರೀಕ್ಷೆ.

ಬೆಸುಗೆಯ ಮೇಲೆ ಬಲಪಟ್ಟಿ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಬೇಕೇ ಬೇಕಾದರೆ ಬೀಮ್‌ನ ನಿಂತ ಭಾಗಕ್ಕೆ, ಅಂದರೆ ವೆಬ್‌ಗೆ ಹಾಕಿ. ಪಟ್ಟಿಯ ತುದಿಗಳು ಓರೆಯಾಗಿ ಚೂಪಾಗುತ್ತಾ ಹೋಗಲಿ. ಚೌಕ ತುದಿ ಬಿಟ್ಟು ನೇರ ಮೇಲಿಂದ ಕೆಳಗೆ ಬೆಸೆದರೆ ಬಲ ಒಮ್ಮೆಗೇ ಬದಲಾಗುವುದು ಅಲ್ಲೇ, ಮುಂದಿನ ಬಿರುಕು ಹುಟ್ಟುವುದೂ ಅಲ್ಲೇ. ಪಟ್ಟಿಯನ್ನು ಬೀಮ್‌ಗಿಂತ ತುಂಬಾ ದಪ್ಪ ಮಾಡಬೇಡಿ. ಪಟ್ಟಿ ಕೂರಿಸಲು ಕೆಳ ಫ್ಲೇಂಜಿನ ಅಡ್ಡಕ್ಕೆ ಬೆಸುಗೆ ಎಳೆಯಬೇಡಿ. ಈ ಒಂದು ನಿಯಮ ಮುರಿದಿದ್ದರಿಂದ ಸತ್ತ ಚಾಸಿಗಳು ತುಂಬಾ ಇವೆ.

ಬಾಗಿದ ಅಡ್ಡ ಬೀಮನ್ನು ಶಾಖದಿಂದ ನೇರ ಮಾಡಬಹುದು. ಸಾದಾ ಉಕ್ಕಿಗೆ 650 ಡಿಗ್ರಿ ಸೆಲ್ಸಿಯಸ್ ಮೇಲೆ ಹೋಗಬಾರದು. ಟೆಂಪರೇಚರ್ ಕ್ರೇಯಾನ್ ಬಳಸಿ, ಬಣ್ಣ ನೋಡಿ ಅಂದಾಜು ಮಾಡಬೇಡಿ. ನೀರು ಸುರಿದು ತಣ್ಣಗೆ ಮಾಡಬೇಡಿ. ಮೇನ್ ಬೀಮ್ ಹೈ ಟೆನ್ಸಿಲ್ ಉಕ್ಕಾಗಿದ್ದರೆ ಗ್ಯಾಸ್ ಟಾರ್ಚ್ ಹತ್ತಿರವೂ ತರಬೇಡಿ, ಅದರ ಬಲವೇ ಹೋಗುತ್ತದೆ. ತುಕ್ಕು ತಿಂದ ಅಡ್ಡ ಬೀಮ್‌ಗಳನ್ನು ಮಾತ್ರ ಒಂದೊಂದಾಗಿ ಕತ್ತರಿಸಿ ಹೊಸದು ಹಾಕಿ. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿದರೆ ಮೇನ್ ಬೀಮ್‌ಗಳು ಜಾಗ ಬಿಟ್ಟು ಸರಿಯುತ್ತವೆ.

ಕಿಂಗ್‌ಪಿನ್ ಮತ್ತು ಲ್ಯಾಂಡಿಂಗ್ ಲೆಗ್

ಇಡೀ ಟ್ರೇಲರನ್ನು ಎಳೆಯುವುದು ಈ ಒಂದು ಪಿನ್. 2 ಇಂಚಿನ ಕಿಂಗ್‌ಪಿನ್‌ನ ಸಣ್ಣ ಕುತ್ತಿಗೆಯ ವ್ಯಾಸ ಹೊಸದರಲ್ಲಿ 50.8 ಮಿ.ಮೀ. ಅದು 49 ಮಿ.ಮೀ.ಗೆ ಬಂದರೆ ಬದಲಾಯಿಸಿ. ಮೇಲಿನ ದಪ್ಪ ಭಾಗ 73 ಮಿ.ಮೀ., ಅದರ ಮಿತಿ 71. 3.5 ಇಂಚಿನ ಪಿನ್‌ನ ದಪ್ಪ ಭಾಗ 89 ಮಿ.ಮೀ., ಮಿತಿ 86. ಮುಂದೆ ಹಿಂದೆ ಒಮ್ಮೆ, ಎಡ ಬಲ ಒಮ್ಮೆ ಅಳೆಯಿರಿ, ಏಕೆಂದರೆ ಸವೆತ ಒಂದೇ ಕಡೆ ಇರುತ್ತದೆ. ಸವೆದ ಪಿನ್‌ಗೆ ಬೆಸುಗೆ ತುಂಬಿ ಲೇತ್‌ನಲ್ಲಿ ತಿರುಗಿಸುವ ಮಾತು ಯಾರಾದರೂ ಆಡಿದರೆ ಅವರಿಂದ ದೂರ ಇರಿ. ಬಿಸಿ ಮಾಡಿ ಹದಗೊಳಿಸಿದ ಉಕ್ಕು ಅದು, ಬೆಸುಗೆ ಅದರ ಹದ ಕೆಡಿಸುತ್ತದೆ.

ಪ್ಲೇಟಿನ ಮೇಲೆ ನೇರ ಪಟ್ಟಿ ಇಟ್ಟು ನೋಡಿ. ಪಿನ್ ಸುತ್ತ ಉಬ್ಬಿದ್ದರೆ ಅಥವಾ ತಗ್ಗಿದ್ದರೆ ಟ್ರಕ್ಕಿನ ಲಾಕ್ ಸರಿಯಾಗಿ ಹಿಡಿಯುವುದಿಲ್ಲ. ಪ್ಲೇಟಿನ ಮೇಲ್ಭಾಗದ ಪೆಟ್ಟಿಗೆಯಂಥ ಜಾಗದಲ್ಲಿ ನೀರು ನಿಲ್ಲುತ್ತದೆ. ಹಲಗೆ ತೆಗೆದಿರುವಾಗಲೇ ಅಲ್ಲಿ ಇಣುಕಿ ನೋಡಿ, ಮತ್ತೆ ಅವಕಾಶ ಸಿಗುವುದಿಲ್ಲ.

ಲೆಗ್‌ಗಳ ಗೇರ್ ಪೆಟ್ಟಿಗೆ ತೆರೆದು ಹಳೆಯ ಗ್ರೀಸ್ ತೆಗೆದು ಹೊಸದು ಹಾಕಿ. ಎರಡೂ ಲೆಗ್ ಒಂದೇ ಎತ್ತರಕ್ಕೆ ಬರುವಂತೆ ಅಡ್ಡ ಶಾಫ್ಟ್ ಜೋಡಿಸಿ. ಒಂದು ಉದ್ದ ಒಂದು ಗಿಡ್ಡ ಆದರೆ ಚಾಸಿ ನಿಂತಲ್ಲೇ ತಿರುಚುತ್ತದೆ.

ಸಸ್ಪೆನ್ಷನ್

ಮುರಿದ ಲೀಫ್ ಪ್ಲೇಟಿಗೆ ಬೆಸುಗೆ ಇಲ್ಲ. ಒಂದು ಕಡೆ ಮುರಿದಿದ್ದರೆ ಅದೇ ಎಕ್ಸೆಲ್‌ನ ಎರಡೂ ಕಡೆ ಹೊಸ ಸೆಟ್ ಹಾಕಿ. ಹಳೆ ಸ್ಪ್ರಿಂಗ್ ಒಂದು ಕಡೆ, ಹೊಸದು ಇನ್ನೊಂದು ಕಡೆ ಇದ್ದರೆ ಟ್ರೇಲರ್ ವಾಲುತ್ತದೆ. ಯು-ಬೋಲ್ಟ್ ಒಮ್ಮೆ ಬಿಚ್ಚಿದರೆ ಮುಗಿಯಿತು, ಮತ್ತೆ ಬಳಸಬಾರದು. ಮೊದಲ ಸಲ ಬಿಗಿದಾಗಲೇ ಅದರ ಥ್ರೆಡ್ ಹಿಗ್ಗಿರುತ್ತದೆ. ಹೊಸದನ್ನು ಅಡ್ಡಡ್ಡ ಸರದಿಯಲ್ಲಿ, ಹಂತ ಹಂತವಾಗಿ, ಟಾರ್ಕ್ ವ್ರೆಂಚ್‌ನಿಂದ ಬಿಗಿಯಿರಿ.

ಸ್ಪ್ರಿಂಗ್ ತುದಿ ಜಾರುವ ಹ್ಯಾಂಗರ್ ಪ್ಯಾಡ್, ಈಕ್ವಲೈಜರ್ (ಎರಡು ಎಕ್ಸೆಲ್‌ಗಳ ಸ್ಪ್ರಿಂಗ್‌ಗಳ ನಡುವಿನ ಸನ್ನೆ) ಬುಷ್, ಟಾರ್ಕ್ ರಾಡ್ ಬುಷ್ ಇವನ್ನೆಲ್ಲ ಒಟ್ಟಿಗೇ ಹೊಸದು ಮಾಡಿ. ಈಕ್ವಲೈಜರ್ ಬುಷ್ ಹಿಡಿದುಕೊಂಡರೆ ಎರಡು ಎಕ್ಸೆಲ್‌ಗಳ ನಡುವೆ ಭಾರ ಸಮನಾಗಿ ಹಂಚಿಕೆ ಆಗುವುದಿಲ್ಲ. ಒಂದು ಎಕ್ಸೆಲ್‌ನ ಟೈರ್ ಮಾತ್ರ ಬೇಗ ಸವೆಯುತ್ತಿದ್ದರೆ ಮೊದಲು ಇದನ್ನು ನೋಡಿ.

ಎಕ್ಸೆಲ್ ಕೊಳವೆ ಬಾಗಿದ್ದರೆ ಅದನ್ನು ಬಿಸಿ ಮಾಡಿ ನೇರ ಮಾಡುವುದು ತಪ್ಪು. ಅದರ ಮೇಲೆ ಮತ್ತು ಕೆಳಗಿನ ಮುಖಗಳಲ್ಲಿ ಏನನ್ನೂ ಬೆಸೆಯಬೇಡಿ, ಅತಿ ಹೆಚ್ಚು ಎಳೆತ ಒತ್ತಡ ಇರುವುದು ಅಲ್ಲೇ.

ಹಬ್ ಮತ್ತು ಬೇರಿಂಗ್

ಹಬ್ ಬಿಚ್ಚಿ, ಹಳೆಯ ಗ್ರೀಸ್ ಪೂರ್ತಿ ತೊಳೆದು, ರೋಲರ್ ಮತ್ತು ಕಪ್‌ಗಳನ್ನು (ರೋಲರ್ ಓಡುವ ಹೊರ ಉಂಗುರ) ಬೆಳಕಿನಲ್ಲಿ ನೋಡಿ. ನೀಲಿ ಬಣ್ಣಕ್ಕೆ ತಿರುಗಿದ್ದು, ಗುಳಿ ಬಿದ್ದದ್ದು, ಗೆರೆ ಹಿಡಿದದ್ದು ಎಲ್ಲ ಹೊರಗೆ. ಬೇರಿಂಗ್ ಬದಲಾಯಿಸಿದರೆ ಕಪ್ ಕೂಡ ಬದಲಾಯಿಸಿ. ಸೀಲ್ ಯಾವಾಗಲೂ ಹೊಸದು. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಬೇಡಿ, ಕೆಲವು ಸೇರಿದರೆ ನೀರಾಗುತ್ತವೆ. ಸ್ಪಿಂಡಲ್‌ನಲ್ಲಿ (ಹಬ್ ಕೂರುವ ಎಕ್ಸೆಲ್ ತುದಿ) ಬೇರಿಂಗ್ ಕೂರುವ ಜಾಗ ಸವೆದಿದ್ದರೆ ಹೊಸ ಬೇರಿಂಗ್ ಹಾಕಿಯೂ ಪ್ರಯೋಜನವಿಲ್ಲ.

ಬಿಗಿಯುವುದು ಕೈ ಅಂದಾಜಿನ ಕೆಲಸ ಅಲ್ಲ. ಎರಡು ನಟ್‌ಗಳ ವ್ಯವಸ್ಥೆಯಲ್ಲಿ ಹಬ್ ತಿರುಗಿಸುತ್ತಾ ಒಳ ನಟ್ಟನ್ನು 270 ನ್ಯೂಟನ್ ಮೀಟರ್‌ವರೆಗೆ ಬಿಗಿಯಿರಿ, ಬೇರಿಂಗ್ ಕೂರಲಿ. ಒಂದು ಪೂರ್ತಿ ಸುತ್ತು ಸಡಿಲಿಸಿ. ಮತ್ತೆ ತಿರುಗಿಸುತ್ತಾ 68 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಆಮೇಲೆ ನಿಮ್ಮ ಸ್ಪಿಂಡಲ್‌ನ ಥ್ರೆಡ್‌ಗೆ ತಯಾರಕರು ಹೇಳಿದಷ್ಟು ಸಡಿಲಿಸಿ ಲಾಕ್ ಮಾಡಿ. ಕೊನೆಯ ಮಾತು ಡಯಲ್ ಗೇಜಿನದ್ದು: ಹಬ್ಬನ್ನು ಒಳಗೆ ಹೊರಗೆ ಎಳೆದಾಗ ಆಟ 0.025ರಿಂದ 0.127 ಮಿ.ಮೀ. ಒಳಗೆ ಇರಬೇಕು. ಇದಕ್ಕಿಂತ ಬಿಗಿಯಾದರೆ ಬೇರಿಂಗ್ ಸುಡುತ್ತದೆ, ಸಡಿಲವಾದರೆ ಸೀಲ್ ಸೋರುತ್ತದೆ.

ಬ್ರೇಕ್ ಮತ್ತು ಗಾಳಿ

ಲೈನರ್ (ಬ್ರೇಕ್ ಶೂ ಮೇಲಿನ ಉಜ್ಜುವ ಪದರ) ಬದಲಾಯಿಸುವಾಗ ಒಂದು ಎಕ್ಸೆಲ್‌ನ ನಾಲ್ಕೂ ಶೂಗಳಿಗೆ ಒಂದೇ ದರ್ಜೆಯದು ಹಾಕಿ. ಶೂವಿನ ನಡುಭಾಗದಲ್ಲಿ ದಪ್ಪ 6.4 ಮಿ.ಮೀ.ಗಿಂತ ಕಡಿಮೆ ಇದ್ದ ಲೈನರ್ ಬದಲಾಯಿಸಲೇಬೇಕು. ಮತ್ತೆ ಕಟ್ಟುತ್ತಿರುವ ಟ್ರೇಲರಿಗಂತೂ ಹೊಸದನ್ನೇ ಹಾಕಿ. ಡ್ರಮ್ಮಿನ ಮೇಲೆ ಗರಿಷ್ಠ ವ್ಯಾಸ ಅಚ್ಚೊತ್ತಿರುತ್ತದೆ, ಅದನ್ನು ಮೀರಿದ್ದರೆ ಗುಜರಿಗೆ. ಒಳಮೈಯಲ್ಲಿ ಶಾಖದ ಸಣ್ಣ ಗೆರೆಗಳು ಸಾಮಾನ್ಯ. ಗೆರೆ ಅಂಚಿನವರೆಗೆ ಓಡಿದ್ದರೆ ಅಥವಾ ಆಚೆ ಬದಿಗೆ ದಾಟಿದ್ದರೆ ಆ ಡ್ರಮ್ ಬೇಡ. ಹಳೆಯ ಲೈನರ್ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಗಾಳಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಸ್-ಕ್ಯಾಮ್ ಶಾಫ್ಟನ್ನು (ತಿರುಗಿ ಶೂಗಳನ್ನು ಡ್ರಮ್ಮಿಗೆ ತಳ್ಳುವ ಶಾಫ್ಟ್) ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಸುಮಾರು 0.75 ಮಿ.ಮೀ. ಮೀರಿದರೆ ಬುಷ್ ಬದಲಾಯಿಸಿ. ಈ ಬುಷ್ ಸವೆದರೆ ಚೇಂಬರಿನ ಓಟದ ಒಂದು ಪಾಲು ಸುಮ್ನೆ ಶಾಫ್ಟ್ ಎತ್ತುವುದರಲ್ಲೇ ಕಳೆದುಹೋಗುತ್ತದೆ.

30ನೇ ಟೈಪ್ ಚೇಂಬರಿನ ಹೆಸರಿನಲ್ಲಿರುವ 30 ಅಂದರೆ ಡಯಾಫ್ರಮ್‌ನ ವಿಸ್ತೀರ್ಣ 30 ಚದರ ಇಂಚು. 100 ಪಿಎಸ್‌ಐ ಗಾಳಿಗೆ ಅದು ಸುಮಾರು 1360 ಕಿಲೋ ಬಲದಿಂದ ತಳ್ಳುತ್ತದೆ. ಆದರೆ ಪುಶ್‌ರಾಡ್ (ಚೇಂಬರಿನಿಂದ ಹೊರಬಂದು ಬ್ರೇಕ್ ತಳ್ಳುವ ಸರಳು) ಜಾಸ್ತಿ ಹೊರಗೆ ಬಂದಷ್ಟೂ ಕೊನೆಯಲ್ಲಿ ಆ ಬಲ ಕುಸಿಯುತ್ತದೆ. ಹಾಗಾಗಿ ಬ್ರೇಕ್ ಜೋಡಿಸಿದ ಮೇಲೆ ಸ್ಟ್ರೋಕ್, ಅಂದರೆ ಅದು ಹೊರಬರುವ ಉದ್ದ, ಅಳೆಯಲೇಬೇಕು. ಸಿಸ್ಟಂನಲ್ಲಿ 90 ರಿಂದ 100 ಪಿಎಸ್‌ಐ ಗಾಳಿ ಇರಲಿ, ಸ್ಪ್ರಿಂಗ್ ಬ್ರೇಕ್ ಬಿಡಿಸಿ, ಪುಶ್‌ರಾಡ್ ಚೇಂಬರಿನಿಂದ ಹೊರಬರುವ ಜಾಗದಲ್ಲಿ ಚಾಕ್ ಗುರುತು ಹಾಕಿ. ಒಬ್ಬರು ಪೂರ್ತಿ ಬ್ರೇಕ್ ಒತ್ತಲಿ. ಸಾಮಾನ್ಯ 30ನೇ ಟೈಪ್‌ಗೆ 51 ಮಿ.ಮೀ. ಒಳಗೆ, ಲಾಂಗ್ ಸ್ಟ್ರೋಕ್‌ಗೆ 64 ಮಿ.ಮೀ. ಒಳಗೆ ಇರಬೇಕು. ಆಟೋಮ್ಯಾಟಿಕ್ ಸ್ಲ್ಯಾಕ್ ಅಡ್ಜಸ್ಟರ್ (ಲೈನರ್ ಸವೆದಂತೆ ಸ್ಟ್ರೋಕನ್ನು ತಾನೇ ಸರಿ ಮಾಡುವ ಸನ್ನೆ) ಇದ್ದೂ ಸ್ಟ್ರೋಕ್ ಜಾಸ್ತಿ ಬಂದರೆ ಕೈಯಲ್ಲಿ ತಿರುಗಿಸಿ ಸರಿ ಮಾಡಬೇಡಿ. ತಪ್ಪು ಬೇರೆಡೆ ಇದೆ: ಬುಷ್, ಡ್ರಮ್, ಅಥವಾ ಅಡ್ಜಸ್ಟರೇ ಕೆಟ್ಟಿದೆ.

ಗಾಳಿಯ ಪೈಪುಗಳೆಲ್ಲ ಹೊಸದಿರಲಿ. ಸಪ್ಲೈ ಲೈನ್ (ಟ್ಯಾಂಕಿಗೆ ಗಾಳಿ ತರುವುದು) ಕೆಂಪು, ಸರ್ವಿಸ್ ಲೈನ್ (ಬ್ರೇಕ್ ಒತ್ತಿದ ಸಂಕೇತ ತರುವುದು) ಅಮೆರಿಕದ ಪದ್ಧತಿಯಲ್ಲಿ ನೀಲಿ, ಯುರೋಪಿನಲ್ಲಿ ಹಳದಿ. ಚಾಸಿಗೆ ಉಜ್ಜುವ ಕಡೆ ರಬ್ಬರ್ ಹಾಕಿ. ಏರ್ ಟ್ಯಾಂಕಿನ ಡ್ರೈನ್ ತೆರೆದು ಒಳಗಿನಿಂದ ಏನು ಬರುತ್ತದೆ ನೋಡಿ. ಬರೀ ನೀರಾದರೆ ಪರವಾಗಿಲ್ಲ. ತುಕ್ಕಿನ ಚೂರು ಬಂದರೆ ಟ್ಯಾಂಕ್ ಬದಲಾಯಿಸಿ, ಅದಕ್ಕೆ ಬೆಸುಗೆ ಹಾಕುವಂತಿಲ್ಲ. ಪೂರ್ತಿ ಗಾಳಿ ತುಂಬಿಸಿ ಪ್ರತಿ ಜಾಯಿಂಟಿಗೆ ಸೋಪಿನ ನೀರು ಹಚ್ಚಿ. ಕೊನೆಗೆ ಕೆಂಪು ಪೈಪ್ ಕಳಚಿ ನೋಡಿ: ಟ್ರೇಲರ್ ತಾನಾಗಿ ಬ್ರೇಕ್ ಹಿಡಿಯಲೇಬೇಕು.

ಬಣ್ಣ, ಹಲಗೆ, ವೈರು

ಬ್ಲಾಸ್ಟ್ ಆದ ಉಕ್ಕು ಗಂಟೆಗಳಲ್ಲೇ ಮತ್ತೆ ತುಕ್ಕು ಹಿಡಿಯುತ್ತದೆ. ಅದೇ ದಿನ ಝಿಂಕ್ ಭರಿತ ಇಪಾಕ್ಸಿ ಪ್ರೈಮರ್ 60 ರಿಂದ 75 ಮೈಕ್ರಾನ್ ಹೊಡೆಯಿರಿ. ಬೆಸುಗೆ ಹಾಕಬೇಕಾದ ಜಾಗಗಳನ್ನು ಟೇಪ್ ಹಾಕಿ ಬಿಡಿ, ಝಿಂಕ್ ಸುಟ್ಟ ಹೊಗೆ ಜ್ವರ ತರಿಸುತ್ತದೆ. ಆಮೇಲೆ ಇಪಾಕ್ಸಿ ನಡುಕೋಟು, ಮೇಲೆ ಪಾಲಿಯುರಿಥೇನ್. ಉಕ್ಕಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಜಾಸ್ತಿ ಇದ್ದಾಗ ಮಾತ್ರ ಹೊಡೆಯಿರಿ. ಅಂಚು, ಬೆಸುಗೆ, ಬೋಲ್ಟ್ ತಲೆಗಳಿಗೆ ಮೊದಲು ಬ್ರಷ್‌ನಲ್ಲಿ ಒಂದು ಕೋಟು ಕೊಡಿ, ಸ್ಪ್ರೇ ಅಲ್ಲಿ ತೆಳುವಾಗುತ್ತದೆ. ರಿಮ್, ಹಬ್, ಡ್ರಮ್ ಒಂದಕ್ಕೊಂದು ಕೂರುವ ಮುಖಗಳಿಗೆ ದಪ್ಪ ಬಣ್ಣ ಬೇಡವೇ ಬೇಡ. ಆ ಬಣ್ಣ ಮುಂದೆ ಅರೆದುಹೋಗಿ ವೀಲ್ ನಟ್ ಸಡಿಲವಾಗುತ್ತದೆ.

ಹಲಗೆಗೆ ಆಗ್ನೇಯ ಏಷ್ಯಾದ ಕೆರುಯಿಂಗ್ ಮರ ಹೆಸರುವಾಸಿ. ಸಿಗದಿದ್ದರೆ ಅಷ್ಟೇ ಗಟ್ಟಿಯಾದ, ಚೆನ್ನಾಗಿ ಒಣಗಿದ ಮರ ಸಾಕು. ಕೂರಿಸುವ ಮುಂಚೆ ಕೆಳಮುಖಕ್ಕೂ ಕತ್ತರಿಸಿದ ತುದಿಗಳಿಗೂ ಸೀಲರ್ ಹಚ್ಚಿ. ತಾಮ್ರದ ಔಷಧ ಹಾಕಿದ ಮರ ಉಕ್ಕಿಗೆ ನೇರ ತಾಗಿದರೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ, ನಡುವೆ ಪಟ್ಟಿ ಹಾಕಿ.

ವೈರಿಂಗ್‌ನಲ್ಲಿ ಹಳೆಯದನ್ನು ಉಳಿಸಲು ಹೋಗಬೇಡಿ. ಪೂರ್ತಿ ಹೊಸ ಹಾರ್ನೆಸ್ ಎಳೆಯಿರಿ. ಲೈಟಿನ ಅರ್ಥನ್ನು ಚಾಸಿಗೆ ಕೊಡದೆ ಪ್ರತ್ಯೇಕ ವೈರ್‌ನಲ್ಲಿ ಸಾಕೆಟ್‌ವರೆಗೆ ತನ್ನಿ. ಮಿಣುಕುವ ಲೈಟಿನ ಬಹುಪಾಲು ತೊಂದರೆ ಅರ್ಥಿನದ್ದೇ. ನಿಮ್ಮ ಟ್ರಕ್ 12 ವೋಲ್ಟಾ 24 ವೋಲ್ಟಾ ನೋಡಿಕೊಂಡು ಲೈಟ್ ತನ್ನಿ. ಎಬಿಎಸ್ ವೈರಿಗೆ ಬೇರೆ ಲೈಟ್ ಜೋಡಿಸಬೇಡಿ.

ಅಲೈನ್‌ಮೆಂಟ್ ಮತ್ತು ಚಕ್ರ

ಕಿಂಗ್‌ಪಿನ್ ನಡುವಿನಿಂದ ಮೊದಲ ಎಕ್ಸೆಲ್‌ನ ಎಡ ತುದಿಗೆ ಒಮ್ಮೆ, ಬಲ ತುದಿಗೆ ಒಮ್ಮೆ ಅಳೆಯಿರಿ. ಟೇಪು ಒಂದೇ, ಎಳೆಯುವ ಬಿಗಿಯೂ ಒಂದೇ ಇರಲಿ. ವ್ಯತ್ಯಾಸ 3 ಮಿ.ಮೀ. ದಾಟಬಾರದು. ಉಳಿದ ಎಕ್ಸೆಲ್‌ಗಳು ಮೊದಲನೆಯದಕ್ಕೆ ಎರಡೂ ಕಡೆ ಸಮಾನ ದೂರದಲ್ಲಿರಲಿ, 1.5 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬೇಡ. ಸರಿ ಮಾಡುವುದು ಟಾರ್ಕ್ ರಾಡಿನಲ್ಲಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖಿದೆ. 2319 ಅಂದರೆ 2019ರ 23ನೇ ವಾರ. ಜೋಡಿ ಟೈರುಗಳ ವ್ಯಾಸದಲ್ಲಿ 6 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ದೊಡ್ಡದು ಇಬ್ಬರ ಭಾರವನ್ನೂ ಹೊತ್ತು ಬಿಸಿಯಾಗುತ್ತದೆ. ಹಬ್ ಮೇಲೆ ಕೂರುವ ರಿಮ್‌ನ ಎಂ22 ನಟ್‌ಗಳಿಗೆ 610 ರಿಂದ 680 ನ್ಯೂಟನ್ ಮೀಟರ್, ನಕ್ಷತ್ರದ ಸರದಿಯಲ್ಲಿ.

ಮೊದಲ ಓಟ

ಖಾಲಿ ಟ್ರೇಲರನ್ನು ಅಂಗಳದಲ್ಲೇ ನಿಧಾನವಾಗಿ ಎಳೆದು ಟ್ರೇಲರ್ ಬ್ರೇಕ್ ಮಾತ್ರ ಹಾಕಿ ನೋಡಿ. ಎಲ್ಲ ಚಕ್ರಗಳೂ ಹಿಡಿಯುತ್ತಿವೆಯಾ, ಬಿಟ್ಟಾಗ ಬಿಡುತ್ತಿವೆಯಾ? ಆಮೇಲೆ ರಸ್ತೆಯಲ್ಲಿ 15 ರಿಂದ 20 ಕಿ.ಮೀ. ಹೋಗಿ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಪ್ರತಿ ಹಬ್ ಮತ್ತು ಡ್ರಮ್ ಅಳೆಯಿರಿ. ಉಳಿದವಕ್ಕಿಂತ ಒಂದು ಮಾತ್ರ ತುಂಬಾ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಎಳೆಯುತ್ತಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಒಂದು ಡ್ರಮ್ ತಣ್ಣಗೇ ಇದ್ದರೆ ಅದು ಕೆಲಸವೇ ಮಾಡುತ್ತಿಲ್ಲ.

80 ರಿಂದ 160 ಕಿ.ಮೀ. ಆದ ಮೇಲೆ ಎಲ್ಲ ವೀಲ್ ನಟ್‌ಗಳನ್ನೂ ಮತ್ತೆ ಟಾರ್ಕ್ ಮಾಡಿ. ಮೊದಲ ಲೋಡು ಅರ್ಧವೇ ಇರಲಿ. ಇಳಿಸಿದ ಕೂಡಲೇ ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿಯಿರಿ, ಬೀಮ್‌ಗೆ ದಾರ ಕಟ್ಟಿ ಬಾಗು ಹಾಗೇ ಇದೆಯಾ ನೋಡಿ, ಬೆಸೆದ ಜಾಗಗಳನ್ನು ಟಾರ್ಚ್ ಹಾಕಿ ನೋಡಿ. ಬಣ್ಣ ಎಲ್ಲಾದರೂ ಸೀಳಿದ್ದರೆ ಅಷ್ಟು ಜಾಗದ ಬಣ್ಣ ತೆಗೆದು ಪೆನೆಟ್ರೆಂಟ್ ಹಾಕಿ. ಅದು ಶುದ್ಧವಾಗಿ ಬಂದರೆ ಮುಂದಿನ ಸಲ ಪೂರ್ತಿ ಲೋಡ್ ಹಾಕಬಹುದು.